ಮೂರು ಸಲ ತೊಳೆದ ಹುಲಿ

ಇದನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಕತ್ತರಿಗೆ ಸಾಣೆ ಹಿಡಿಸಬೇಕು, ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡಬೇಕು, ಯಲ್ಲಾಪುರದ ಶಾಲೆಯಿಂದ ವೇಷಗಳು ವಾಪಸು ಬಂದಿವೆಯೋ ನೋಡಬೇಕು. ಈಗ ಕತ್ತರಿಯೂ ಇಲ್ಲ, ಮಷಿನ್ನೂ ಇಲ್ಲ. ಅಂಗಡಿಯನ್ನೇ ಬಿಟ್ಟುಕೊಟ್ಟಾಯಿತು. ಹೇಳಿಕೊಳ್ಳಲು ನೆಪ ಉಳಿದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಬರೆದಿದ್ದೇನೆ, ಬರೆಯಬಾರದ ಜಾಗದಲ್ಲಿ. ಅದು ಮುಂದೆ ಬರುತ್ತದೆ. ಶಿರಸಿ ಪೇಟೆಯಲ್ಲಿ ನಮಗೆಲ್ಲ ಅವರು ‘ಕಸ್ಟಮ್ಸ್ ಭಾವ’. ಊರು ಸಿದ್ದಾಪುರ ಕಡೆಯ ಹೆಗ್ಗರಣೆ. ಮುಂಬೈ ಬಂದರಿನ ಕಸ್ಟಮ್ಸ್‌ನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇದ್ದು, ತೊಂಬತ್ತರ ದಶಕದಲ್ಲಿ ನಿವೃತ್ತರಾಗಿ, ಹೆಂಡತಿಯೊಡನೆ ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಊರಿಗೆ ಹೋಗದೆ ಪೇಟೆಯಲ್ಲೇಕೆ ನಿಂತರು ಎಂದರೆ, ಹೆಗ್ಗರಣೆಯಲ್ಲಿ ಅವರ ಮಾತು ಕೇಳಲು ಸಾಕಷ್ಟು ಜನ ಇರಲಿಲ್ಲ. ಇದು ನಮ್ಮ ಬೆಂಚಿನವರ ತೀರ್ಮಾನ.

ಬೆಂಚು ನನ್ನ ಅಂಗಡಿಯ ಮುಂದಿನದು. ನನ್ನದು ವೇಷಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಎಸ್‌ಎಸ್‌ಎಲ್‌ಸಿ ಮುಗಿಸಿ ದರ್ಜಿ ಕೆಲಸ ಕಲಿತವನು ನಾನು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನ ಶಾಲೆಗಳ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಮೊಲ, ಚಿಟ್ಟೆ, ರಾಜ, ರಾಕ್ಷಸ, ಗಾಂಧಿತಾತ ಎಲ್ಲರೂ ನನ್ನಲ್ಲಿಂದಲೇ ಹೋಗಬೇಕು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಭಾವ ಬಂದು ಬೆಂಚಿನ ತುದಿಯಲ್ಲಿ ಕುಳಿತು, ಅಂಗಿಯ ತೋಳನ್ನು ಎರಡು ಮಡಿಕೆ ಮಡಚುತ್ತಿದ್ದರು. ತೋಳು ಮಡಚಿದರೆಂದರೆ ಆ ದಿನದ ಕಚೇರಿ ತೆರೆಯಿತು ಎಂದು ಅರ್ಥ.

ಜಗತ್ತಿನಲ್ಲಿರುವುದೆಲ್ಲ ತೊಂಬತ್ತೆಂಟು ಅಧ್ಯಾಯಗಳೊಳಗೆ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ ಎಂಬುದು ಅವರ ನಂಬಿಕೆ. ಸುಂಕದ ಪುಸ್ತಕದ ಅಧ್ಯಾಯಗಳು. ಆ ಪುಸ್ತಕದ ಹಳೆಯದೊಂದು ಪ್ರತಿ ಅವರ ಬಳಿ ಇತ್ತು. ರಟ್ಟು ಹೋದದ್ದಕ್ಕೆ ಕ್ಯಾಲೆಂಡರಿನ ಲಕ್ಷ್ಮಿಯನ್ನು ಹೊದಿಸಿದ್ದರು. ನವರಾತ್ರಿಯಲ್ಲಿ ಶಾರದೆಯ ಪೂಜೆಗೆ ಪುಸ್ತಕ ಇಡುವಾಗ ರಾಮಾಯಣ ಕೆಳಗೆ, ಸುಂಕದ ಪುಸ್ತಕ ಮೇಲೆ. ಅವರ ಹೆಂಡತಿಗೆ ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಒಮ್ಮೆ ಅಕ್ಕ ಅದನ್ನು ಅದಲುಬದಲು ಮಾಡಿದಾಗ, “ರಾಮಾಯಣಕ್ಕೆ ಸುಂಕ ಇಲ್ಲೆ, ಅದು ಎಲ್ಲಿದ್ರೂ ನಡೀತು” ಎಂದು ಮತ್ತೆ ಸರಿಮಾಡಿದರಂತೆ.

ಮದುವೆ ಮನೆಯ ಪಂಕ್ತಿಯಲ್ಲಿ ಅವರ ಪಕ್ಕ ಕೂರುವುದು ಕಷ್ಟ. ಅಪ್ಪೆಮಿಡಿ ಬಡಿಸಿದರೆ ಅದನ್ನು ಕಚ್ಚುವ ಬದಲು ಎರಡು ಬೆರಳಲ್ಲಿ ಹಿಡಿದು, “ಮರದ ಮೇಲಿದ್ದಾಗ ಇದು ಹಣ್ಣಿನ ಅಧ್ಯಾಯ. ಉಪ್ಪು ನೀರಿಗೆ ಬಿದ್ದ ಕೂಡ್ಲೆ ಬ್ಯಾರೆ ಅಧ್ಯಾಯ. ಮನುಷ್ಯಂದೂ ಹಾಂಗೇಯ” ಎನ್ನುವರು. ಬಡಿಸುವವನು ಪಾಯಸದ ಬಕೆಟ್ ಹಿಡಿದು ನಿಂತೇ ಇರುತ್ತಿದ್ದ. ಯಕ್ಷಗಾನಕ್ಕೆ ಹೋದರೆ ಮುಂದಿನ ಸಾಲಿನಲ್ಲಿ ಕುಳಿತು ಕಿರೀಟದ ಮೇಲೆ ತೀರ್ಪು. “ತಲೆ ಮೇಲಿದ್ರೆ ಟೊಪ್ಪಿ, ಪೆಟ್ಟಿಗೆಲಿದ್ರೆ ಮರದ ಸಾಮಾನು.” ಪಕ್ಕದವರು ‘ಶ್’ ಎಂದರೆ, “ಹೌದಪ್ಪ, ಭಾಗವತ್ರು ಹಾಡ್ಲಿ, ಆನು ಬ್ಯಾಡ ಹೇಳಿದ್ನಾ?” ಎಂದು ತಾವೇ ಸಿಟ್ಟಾಗುವರು.

ಬಟ್ಟೆ ಕಂಡರೆ ಒಳಮೈ ತಿರುವಿ ನೋಡುವುದು ಅವರ ಇನ್ನೊಂದು ರೋಗ. ಯಲ್ಲಾಪುರದ ಶಾಲೆಯೊಂದರ ಗ್ಯಾದರಿಂಗಿಗೆ ನಾನೇ ಅವರನ್ನು ಕರೆದುಕೊಂಡು ಹೋಗಿದ್ದೆ. ಮುಖ್ಯ ಅತಿಥಿಗಳಿಗೆ ಶಾಲು ಹೊದಿಸಿ ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಇವರು ವೇದಿಕೆಗೆ ಹೋಗಿ ಅಭಿನಂದಿಸುವ ನೆಪದಲ್ಲಿ ಶಾಲಿನ ಅಂಚನ್ನು ಮಗುಚಿ ನೋಡಿ ಬಂದರು. “ಎಂತ ಭಾವ?” ಎಂದೆ. “ರೇಷ್ಮೆ ಹೇಳಿ ಮೈಕಲ್ಲಿ ಹೇಳಿದ್ವಲ, ನೈಲಾನು” ಎಂದರು. ಸ್ವರ ಸಣ್ಣದಿದ್ದರೆ ಚಿಂತೆ ಇರಲಿಲ್ಲ. ಅತಿಥಿಗಳು ಭಾಷಣ ಮುಗಿಯುವವರೆಗೂ ಶಾಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಪುಸ್ತಕದಲ್ಲಿ ಎಲ್ಲೂ ಹೊಂದದ ಸಾಮಾನಿಗೆ ‘ಇತರೆ’ ಎಂಬ ಸಾಲು ಇರುತ್ತದಂತೆ. ಭಾವ ತಮಗಾಗದವರನ್ನೆಲ್ಲ ಅಲ್ಲಿಗೆ ಕಳಿಸುತ್ತಿದ್ದರು. ಮುನಿಸಿಪಾಲಿಟಿಯವರು ಇತರೆ. ಮನೆ ಮಾಲೀಕ ಇತರೆ. ಒಮ್ಮೆ ನಾನು ಹಲ್ಲು ಕಿರಿಯುತ್ತ, “ಆನು ಯಾವ ಅಧ್ಯಾಯ, ಭಾವ?” ಎಂದು ಕೇಳಿದೆ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಹೇಳಿದರು: “ಗೊತ್ತಿಲ್ಲೆ ತಮಾ. ಇನ್ನೂ ಪೆಟ್ಟಿಗೆ ಒಡದ್ದಿಲ್ಲೆ.”

ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕೆ.

ಅವರು ದೊಡ್ಡ ಆಫೀಸರರಾಗಿದ್ದರು ಎಂದು ಪೇಟೆ ನಂಬಿತ್ತು. ಅವರು ಹಾಗೆ ಹೇಳಿದ್ದನ್ನು ಕೇಳಿದವರು ಯಾರೂ ಇಲ್ಲ. “ನಾವು ಒಂದ್ಸಲ ಗೊಂಬೆಯ ಹೊಟ್ಟೆಲಿ ಗಡಿಯಾರ ಹಿಡಿದ್ಯ” ಎನ್ನುತ್ತಿದ್ದರು. ಆ ‘ನಾವು’ ಯಾರು ಎಂದು ನಾವು ಕೇಳಲಿಲ್ಲ. ಕೇಳದೇ ಇರುವುದರಲ್ಲಿ ನಮಗೂ ಲಾಭವಿತ್ತು. ದುಬೈಯಿಂದ ಯಾರಾದರೂ ಟಿ.ವಿ. ತರುವುದಿದ್ದರೆ, ಯಾವುದಾದರೂ ಇಲಾಖೆಗೆ ಅರ್ಜಿ ಬರೆಯುವುದಿದ್ದರೆ ಭಾವನ ಹತ್ತಿರ ಹೋಗುವುದು. ಆಫೀಸರರ ಬಾಯಿಂದ ಬಂದ ಸಲಹೆ ಎಂದರೆ ತೂಕವೇ ಬೇರೆ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಸರಿಯಾದದ್ದನ್ನೇ ಹೇಳುತ್ತಿದ್ದರು. ಒಂದು ಕಪ್ ಚಹಾ ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಆ ಚಹಾಕ್ಕೂ ಸಕ್ಕರೆ ಕಡಿಮೆ ಎಂದು ಬೈಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹೊರದೇಶದ ಸಿದ್ಧ ಉಡುಪು ತರಿಸಲು ಇದ್ದ ತಡೆಯನ್ನು ಸರಕಾರ ತೆಗೆದಿತ್ತು. ಮುಂಬೈಯ ಒಬ್ಬ ಏಜೆಂಟನ ಪರಿಚಯ ನನಗಾಯಿತು. ಮಕ್ಕಳ ವೇಷಗಳನ್ನು ಹೊರದೇಶದಿಂದ ತರಿಸಿಕೊಡುವೆನೆಂದ. ನನಗೆ ಆಸೆ ಹತ್ತಿತು. ನಾನು ಹೊಲಿದ ಹುಲಿಗೆ ಕಿವಿ ಜೋಲುತ್ತಿತ್ತು. ವಾನಳ್ಳಿಯ ಒಬ್ಬ ತಾಯಿ ಅದನ್ನು ವಾಪಸು ಕೊಡುವಾಗ “ಕತ್ತೆ ಚೊಲೋ ಇತ್ತು” ಎಂದಿದ್ದಳು. ಅದು ನನ್ನ ಮನಸ್ಸಿನಲ್ಲಿ ಕುಳಿತಿತ್ತು.

ಏಜೆಂಟ ಮಾದರಿಗೆಂದು ಒಂದು ಹುಲಿ ಕಳಿಸಿದ. ಹಳದಿ ಮಖಮಲ್ಲಿನಂಥ ಬಟ್ಟೆ, ಕುತ್ತಿಗೆಯಿಂದ ಪಾದದವರೆಗೆ ಒಂದೇ ಅಂಗಿ, ಬೆನ್ನಿಗೆ ಜಿಪ್ಪು, ಹಿಂದೆ ಬಾಲ. ಜೊತೆಗೆ ಪ್ಲಾಸ್ಟಿಕ್ಕಿನ ಮುಖವಾಡ. ನಾನು ಒಳಮೈ ತಿರುವಿದೆ. ಅಂಚು ಮಡಚಿ ಎರಡು ಸಾಲು ಹೊಲಿದಿತ್ತು. “ಭಾವ, ಆನು ಮೂವತ್ತು ವರ್ಷದಿಂದ ಹೊಲಿತಾ ಇದ್ದಿ, ಇಂಥ ಹೊಲಿಗೆ ಕಂಡಿದ್ನಿಲ್ಲೆ” ಎಂದು ನಾನೇ ಹೊಗಳಿದೆ. ಈ ಮಾತನ್ನು ನಾನು ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ಭಾವ ತೋಳು ಮಡಚಿದರು. “ಇದ ಯಂಗೆ ಒಂದು ವಾರ ಬೇಕು” ಎಂದರು.

ಆ ವಾರ ಅವರ ಮನೆಯ ಹಗ್ಗದ ಮೇಲೆ ಹುಲಿ ಒಣಗಿತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಬೆಂಚಿನವರಿಗೆ ಹಬ್ಬ. “ಸಾಹೇಬ್ರು ಈಗ ಹುಲಿ ಬಟ್ಟೆ ತೊಳೆಯೋ ಗುತ್ತಿಗೆ ಹಿಡಿದಾರೆ ಅಂತೆ.” ಅಕ್ಕ ನನ್ನನ್ನು ಬೀದಿಯಲ್ಲೇ ಹಿಡಿದು ನಿಲ್ಲಿಸಿದಳು: “ತಮಾ, ನಿನ್ನ ಹುಲಿಯ ಒಂದ್ಸಲ ಕರ್ಕಂಡು ಹೋಗು. ಯನ್ನ ಸೀರೆ ಒಣಗ್ಸಲೆ ಜಾಗ ಇಲ್ಲೆ. ನಿನ್ನ ಭಾವ ಇಡೀ ದಿನ ಅದ್ರ ಬಾಲ ಜಗ್ಗಿ ನೋಡ್ತಾ ಕೂತಿದ್ದ.”

ವಾರ ಕಳೆದು ಭಾವ ಹುಲಿಯನ್ನು ಇಸ್ತ್ರಿ ಮಾಡಿಸಿ ತಂದರು. ಪುಸ್ತಕವನ್ನೂ ತಂದಿದ್ದರು.

“ಇದ್ರ ತಲೆ ಬ್ಯಾರೆ, ಮೈ ಬ್ಯಾರೆ” ಎಂದರು. “ಮುಖವಾಡ ಆಟಿಕೆಯ ಅಧ್ಯಾಯಕ್ಕೆ ಹೋಗ್ತು, ತೊಂಬತ್ತೈದು. ಮೈ ಅಂಗಿ. ಅರವತ್ತೊಂದು.”

“ಒಂದೇ ಹುಲಿ ಅಲ್ದಾ ಭಾವ? ಮಕ್ಕ ಆಡದು ಇದ್ರಲ್ಲಿ. ಆಟದ ಸಾಮಾನು ಹೇಳಿ ಬರದ್ರೆ?”

“ತೊಂಬತ್ತೈದರ ಬಾಗ್ಲಲ್ಲೇ ಬರದು ಹಾಕಿದ್ದ, ಬಟ್ಟೆಯ ವೇಷಕ್ಕೆ ಒಳಗೆ ಜಾಗ ಇಲ್ಲೆ ಹೇಳಿ. ಅಂಟು ಹಚ್ಚಿದ ಕಚಡಾ ಮಾಲಾದ್ರೆ ವಾದ ಮಾಡ್ಲಾಗಿತ್ತು. ಒಂದು ಹಬ್ಬಕ್ಕೆ ಹಾಕ್ತ, ಬಿಸಾಡ್ತ, ಅದು ಅಂಗಿ ಅಲ್ಲ ಹೇಳಲೆ ಬತ್ತು. ಆನು ಮೂರು ಸಲ ತೊಳದಿ. ಸೋಪು ಹಾಕಿ, ಕಲ್ಲಿಗೆ ಬಡದು. ಒಂದು ಹೊಲಿಗೆ ಬಿಟ್ಟಿದ್ದಿಲ್ಲೆ. ನೀನೇ ಹೊಗಳಿದ್ದೆ ಅಲ್ದಾ?”

“ಅಂಗಿ ಹೇಳಿರೆ ಒಂದೊಂದು ಅಂಗಿಗೂ ಇಷ್ಟಿಷ್ಟು ಹೇಳಿ ಸುಂಕ ಅಡ ಭಾವ. ಆನು ಮುಳುಗ್ತೆ.”

“ಕಮ್ಮಿ ತರ್ಸು. ಸುಳ್ಳು ಬರಿಯಡ.”

ಹೋಗುವಾಗ ಜೇಬಿನಿಂದ ಒಂದು ಚೀಟಿ ತೆಗೆದು ಹುಲಿಯ ಹೊಟ್ಟೆಯ ಜೇಬಿಗೆ ಹಾಕಿದರು. ಹುಲಿಗೆ ಜೇಬು ಯಾಕಿತ್ತೋ ಗೊತ್ತಿಲ್ಲ. “ಮರ್ತು ಹೋಗ್ತು ಹೇಳಿ ಬರದ್ದಿ” ಎಂದರು.

ಏಜೆಂಟನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಅವನು ನಕ್ಕುಬಿಟ್ಟ. “ಅಯ್ಯೋ ಸಾಹೇಬ್ರೆ, ಹುಲಿಗೆ ಯಾರಾದ್ರೂ ಅಂಗಿ ಅಂತ ಬರೀತಾರಾ? ಆಟದ ಸಾಮಾನು ಅಂತ ಬರೀರಿ, ನಾನು ಬಿಡಿಸ್ತೇನೆ. ನಿಮ್ಮ ಭಾವನೋರು ಯಾವ ಕಾಲದವ್ರು?”

ನಾನೂ ನಕ್ಕೆ. ಕಸ್ಟಮ್ಸ್‌ಗೆ ಕೊಡುವ ಘೋಷಣೆಯಲ್ಲಿ ‘ಮಕ್ಕಳ ಆಟದ ಸಾಮಾನು’ ಎಂದು ಬರೆದು ರುಜು ಹಾಕಿದೆ.

ಮಾಲು ಮುಂಬೈ ಬಂದರಿಗೆ ಬಂತು. ಪೆಟ್ಟಿಗೆ ಒಡೆದು ನೋಡಿದ ಅಧಿಕಾರಿ ಯಾರೋ ಗೊತ್ತಿಲ್ಲ. ಅವರೂ ಒಳಮೈ ತಿರುವುವ ಜಾತಿಯವರೇ ಇರಬೇಕು. ಎಲ್ಲವನ್ನೂ ತಡೆಹಿಡಿದರು. ನನಗೆ ನೋಟೀಸು ಬಂತು. ಸರಕಿನ ಬಗ್ಗೆ ಯಾಕೆ ಸುಳ್ಳು ಹೇಳಿದಿರಿ, ಯಾರ ಸಲಹೆಯ ಮೇಲೆ ಹೀಗೆ ಬರೆದಿರಿ, ಉತ್ತರ ಕೊಡಿ ಎಂದು. ಗೊತ್ತಿದ್ದೂ ಸುಳ್ಳು ಬರೆದದ್ದಾದರೆ ದಂಡ ಬೇರೆಯೇ ಎಂದು ಏಜೆಂಟ ಹೇಳಿದ. ಈಗ ಅವನು ನಗುತ್ತಿರಲಿಲ್ಲ. “ಯಾರಾದ್ರೂ ತಿಳಿದವ್ರು ಹೇಳಿದ್ರು ಅಂತ ತೋರಿಸಿ. ನನ್ನ ಹೆಸರು ಮಾತ್ರ ಹಾಕ್ಬೇಡಿ.”

ಕೋರ್ಟಿನ ಹತ್ತಿರದ ಟೈಪಿಸ್ಟನ ಬಳಿ ಹೋದೆ. ನಿಮ್ಮದೇ ಇಲಾಖೆಯ ನಿವೃತ್ತರೊಬ್ಬರು ಮಾದರಿಯನ್ನು ನೋಡಿ ಆಟಿಕೆ ಎಂದು ಹೇಳಿದ್ದರು, ಅವರನ್ನು ನಂಬಿ ಬರೆದೆ ಎಂದು ಇಂಗ್ಲಿಷಿನಲ್ಲಿ ಮಾಡಿಸಿದೆ. ಟೈಪಿಸ್ಟ ಯಂತ್ರ ನಿಲ್ಲಿಸಿ, “ಅವರ ಹೆಸರು?” ಎಂದ. ಹೇಳಿದೆ. ಅವನಿಗೆ ತಿಳಿಯಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಒಂದೊಂದೇ ಅಕ್ಷರ ಅವನು ಬಡಿದ. ನಡುವೆ ನಿಲ್ಲಿಸಲು ಅಷ್ಟು ಅವಕಾಶ ಇತ್ತು. ಇನಿಷಿಯಲ್ಲನ್ನೂ ತಪ್ಪದೆ ಹೇಳಿದೆ.

ಹದಿನೈದು ದಿನ ಕಳೆದು ಭಾವನಿಗೆ ಮುಂಬೈಯಿಂದ ಕಾಗದ ಬಂತು. ಬಂದು ಹೇಳಿಕೆ ಕೊಡಬೇಕು. ಅವರ ಮನೆ ನಡೆಯುತ್ತಿದ್ದದ್ದು ಪಿಂಚಣಿಯಿಂದ. ಖಾಸಗಿ ವ್ಯಾಪಾರಿಗೆ ಸುಳ್ಳು ಹೇಳಿಕೊಟ್ಟ ಎಂದಾದರೆ ಅದಕ್ಕೆ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಎರಡು ದಿನ ಒಲೆ ಹಚ್ಚಲಿಲ್ಲವಂತೆ. ಕೈಯಲ್ಲೊಂದು ಚೀಲ ಹಿಡಿದು, ಭಾವ ಹುಬ್ಬಳ್ಳಿ ಬಸ್ಸಿಗೆ ಹೊರಟದ್ದನ್ನು ನನ್ನ ಅಂಗಡಿಯ ಒಳಗಿನಿಂದಲೇ ನೋಡಿದೆ. ಬಸ್‌ಸ್ಟ್ಯಾಂಡಿಗೆ ಹೋಗುವ ಮೊದಲು ಅವರು ಬೆಂಚಿನ ಎದುರು ಒಂದು ಕ್ಷಣ ನಿಂತರು. ನಾನು ಗಾಂಧಿತಾತನ ಕನ್ನಡಕ ಹುಡುಕುವವನಂತೆ ಬಗ್ಗಿದೆ.

ಅವರು ಹೋದ ಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ನನಗೊಂದು ಸುದ್ದಿ ಗೊತ್ತಿತ್ತು, ಬಂದರಿನಲ್ಲಿ ವಿಚಾರಿಸಿದ ಏಜೆಂಟ ಅದರ ವಿವರವನ್ನೂ ಕೊಟ್ಟಿದ್ದ. ಭಾವ ಆಫೀಸರರಲ್ಲ, ಸಿಪಾಯಿ. ಮೂವತ್ತು ವರ್ಷ ಅವರು ಮಾಡಿದ್ದು ಸಾಹೇಬರು ಪರೀಕ್ಷಿಸುವ ಪೆಟ್ಟಿಗೆಗಳ ಮೊಳೆ ಕೀಳುವುದು, ಮಾಲು ಹೊರಗೆ ಹರವುವುದು, ಮತ್ತೆ ತುಂಬಿ ಮೊಳೆ ಹೊಡೆಯುವುದು. ಸಾಹೇಬರುಗಳ ವಾದ ಕೇಳಿ ಕೇಳಿಯೇ ಅಧ್ಯಾಯಗಳನ್ನು ಕಲಿತದ್ದು. ನಾನು ಇದನ್ನು ಬೆಂಚಿನ ಮೇಲೆ ಇಟ್ಟೆ.

“ಪೆಟ್ಟಿಗೆ ಒಡೆಯೋನು! ನಮಗೆಲ್ಲ ಆಫೀಸರ್ ಅಂತ ಟೊಪ್ಪಿ ಹಾಕಿದ! ಅವನ ಮಾತು ಕಟ್ಟಿಕೊಂಡು ನನ್ನ ಮಾಲು ಬಂದರಲ್ಲಿ ಕೊಳೀತಾ ಇದೆ.”

ಪೇಟೆಗೆ ಇಷ್ಟು ಸಾಕಾಯಿತು. ನಮಗೆ ಆಫೀಸರ್ ಎಂದು ನಂಬಲು ಪುರಾವೆ ಬೇಕಿರಲಿಲ್ಲ, ಮೋಸಗಾರ ಎಂದು ನಂಬಲೂ ಬೇಕಾಗಲಿಲ್ಲ. ಅರ್ಜಿ ಬರೆಸಿಕೊಂಡವರೆಲ್ಲ ತಮ್ಮ ಅರ್ಜಿಗಳಲ್ಲಿ ತಪ್ಪು ಹುಡುಕತೊಡಗಿದರು. ಕಸ್ಟಮ್ಸ್ ಭಾವ ಹೋಗಿ ‘ಪೆಟ್ಟಿಗೆ ಭಾವ’ ಆದರು. ಆ ಹೆಸರನ್ನು ಮೊದಲು ಬಾಯಿಗೆ ತಂದವನು ನಾನೇ. ಒಳ್ಳೆಯ ಹೆಸರಿಟ್ಟೆನೆಂದು ಚಹಾ ಕೊಡಿಸಿದರು.

ಭಾವ ವಾಪಸು ಬಂದು ಮರುದಿನ ಹತ್ತಕ್ಕೆ ಸರಿಯಾಗಿ ಬೆಂಚಿಗೆ ಬಂದರು. ಎಲ್ಲರೂ ಎದ್ದು ಹೋದರು. ಒಬ್ಬನಿಗೆ ಬ್ಯಾಂಕಿನ ಕೆಲಸ, ಒಬ್ಬನಿಗೆ ಡಾಕ್ಟರು. ನಾನು ಅಂಗಡಿಯವನು, ಎಲ್ಲಿಗೆ ಹೋಗಲಿ? ಅವರು ತೋಳು ಮಡಚಲಿಲ್ಲ. ಬರುವಾಗಲೇ ಮಡಚಿದ್ದನ್ನು ಬಿಡಿಸಿ, ಗುಂಡಿ ಹಾಕಿಕೊಂಡರು. ನನ್ನ ಹತ್ತಿರ ಜಗಳಕ್ಕೆ ಬಂದಿದ್ದಾರೆ ಎಂದು ಕತ್ತರಿ ಕೈಯಲ್ಲಿ ಹಿಡಿದು ನಿಂತಿದ್ದೆ. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ಪೆಟ್ಟಿಗೆ ಒಡದಾತು, ತಮಾ” ಎಂದರು.

ಅಷ್ಟೇ. ಯಾವ ಅಧ್ಯಾಯ ಎಂದು ಹೇಳಲಿಲ್ಲ. ತಿಂಗಳೊಳಗೆ ಮನೆ ಖಾಲಿಮಾಡಿ ಹೆಗ್ಗರಣೆಗೆ ಹೋದರು.

ನನ್ನ ಮಾಲು ಕೊನೆಗೆ ಬಂತು. ಅಂಗಿಯ ಸುಂಕ ಕಟ್ಟಿದೆ, ಸಣ್ಣದೊಂದು ದಂಡ ಕಟ್ಟಿದೆ. ದೊಡ್ಡ ದಂಡ ಯಾಕೆ ಬೀಳಲಿಲ್ಲ ಎಂಬುದು ಆದೇಶದ ಪ್ರತಿಯನ್ನು ವಕೀಲರು ಓದಿ ಹೇಳಿದಾಗ ತಿಳಿಯಿತು. ಅದರಲ್ಲಿ ಭಾವನ ಹೇಳಿಕೆ ಇತ್ತು. ಮಾದರಿಯನ್ನು ತಾನು ನೋಡಿದ್ದು ನಿಜ. ಮುಖವಾಡ ಆಟಿಕೆ ಎಂದು ತಾನು ಹೇಳಿದ್ದೂ ನಿಜ. ಕೇಳಿದವರು ಅದನ್ನು ಇಡೀ ವೇಷಕ್ಕೆ ಎಂದು ತಿಳಿದುಕೊಂಡಿರಬಹುದು. ಹಳ್ಳಿಯ ದರ್ಜಿ, ಕಾನೂನು ತಿಳಿಯದು. ತನ್ನ ಮಾತು ಸ್ಪಷ್ಟವಿರಲಿಲ್ಲವಾದರೆ ತಪ್ಪು ತನ್ನದು.

ವಕೀಲರು ಕನ್ನಡಕ ತೆಗೆದು, “ಇವರು ನಿಮಗೆ ಏನಾಗಬೇಕು?” ಎಂದು ಕೇಳಿದರು. “ಪರಿಚಯದವರು” ಎಂದೆ.

ಅವರ ಪಿಂಚಣಿಗೆ ಏನೂ ಆಗಲಿಲ್ಲ ಎಂದು ಆಮೇಲೆ ಕೇಳಿದೆ. ಹಾಗಾದರೆ ಸರಿಯಾಯಿತಲ್ಲ ಎಂದು ಸಮಾಧಾನ ಹೇಳಿಕೊಂಡೆ. ಮಾನದ ಮೇಲೆ ಪಿಂಚಣಿ ಬರುವುದಿಲ್ಲ ನೋಡಿ, ಹೋದದ್ದು ಯಾವ ಕಾಗದದಲ್ಲೂ ಕಾಣುವುದಿಲ್ಲ.

ಆ ವೇಷಗಳನ್ನು ನಾನು ಮೂರು ತಾಲೂಕಿಗೂ ಹತ್ತು ವರ್ಷ ಬಾಡಿಗೆಗೆ ಕೊಟ್ಟೆ. ಪ್ರತಿ ಗ್ಯಾದರಿಂಗ್ ಮುಗಿದ ಮೇಲೆ ನನ್ನ ಹೆಂಡತಿ ಅವನ್ನು ತೊಳೆದು ಹಗ್ಗಕ್ಕೆ ಹಾಕುತ್ತಿದ್ದಳು. ಹುಲಿ, ಮೊಲ, ಕರಡಿ, ಸಾಲಾಗಿ. ಮಕ್ಕಳು ಅವುಗಳಲ್ಲಿ ಬೆವತರು, ಬಿದ್ದರು, ವಾಂತಿ ಮಾಡಿಕೊಂಡರು, ಒಬ್ಬ ಹಲಸಿನ ಹಣ್ಣಿನ ಮೇಣ ಮೆತ್ತಿಕೊಂಡು ಬಂದ. ತೊಳೆದೆವು. ಒಂದು ಹೊಲಿಗೆ ಬಿಡಲಿಲ್ಲ. ಒಂದು ಬಿಟ್ಟಿದ್ದರೆ ಎಂದು ನಾನು ಪ್ರತಿ ಸಲವೂ ಒಳಮೈ ತಿರುವಿ ನೋಡುತ್ತಿದ್ದೆ. ಒಂದಾದರೂ ಬಿಟ್ಟಿದ್ದರೆ ನನ್ನ ಪರವಾಗಿ ಅಷ್ಟಾದರೂ ಸಾಕ್ಷಿ ಇರುತ್ತಿತ್ತು.

ಕ್ಷಮೆ ಕೇಳಲೆಂದು ಎರಡು ಸಲ ಹೊರಟೆ. ಎರಡು ಸಲವೂ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ವಾಪಸು ಬಂದೆ. ಹೆಗ್ಗರಣೆ ಬಸ್ಸು ಎದುರೇ ನಿಂತಿತ್ತು, ಸೀಟೂ ಖಾಲಿಯಿತ್ತು.

ಅವರು ಹೋದ ಸುದ್ದಿ ಬಂದಾಗ ಮಾತ್ರ ಹೋದೆ. ಸತ್ತವರ ಮನೆಗೆ ಹೋಗಲು ಧೈರ್ಯ ಬೇಡ. ಅಕ್ಕ ಗೋಡೆಗೊರಗಿ ಕುಳಿತಿದ್ದಳು. ನನ್ನನ್ನು ಗುರುತು ಹಿಡಿದು ಕೇಳಿದಳು:

“ತಮಾ, ನಿನ್ನ ಹುಲಿ ಇನ್ನೂ ಇದ್ದಾ?”

“ಇದ್ದು, ಅಕ್ಕಾ.”

“ಹೊಲಿಗೆ?”

“ಬಿಟ್ಟಿದ್ದಿಲ್ಲೆ.”

“ನಿನ್ನ ಭಾವ ಹೇಳಿದ್ದೂ ಅದನ್ನೇ ಅಲ್ದಾ” ಎಂದಳು. ಬೈಯುವ ಧ್ವನಿಯಲ್ಲ. ಬೈದಿದ್ದರೆ ನಾನು ಅಲ್ಲೇ ಕಾಲಿಗೆ ಬೀಳುತ್ತಿದ್ದೆನೋ ಏನೋ. ಹೀಗೆಂದು ಹೇಳುವುದೂ ನನ್ನ ಇನ್ನೊಂದು ನೆಪವೇ.

ಅಂಗಡಿ ಬಿಟ್ಟಾಗ ಎಲ್ಲ ವೇಷಗಳನ್ನೂ ಕೊಟ್ಟುಬಿಟ್ಟೆ. ಆ ಮಾದರಿಯ ಹುಲಿಯನ್ನು ಕೊಡಲಿಲ್ಲ. ಅದನ್ನು ಯಾವತ್ತೂ ಬಾಡಿಗೆಗೆ ಕಳಿಸಿಯೂ ಇಲ್ಲ. ಅದರ ಹೊಟ್ಟೆಯ ಜೇಬಿನಲ್ಲಿ ಆ ಚೀಟಿ ಹಾಗೇ ಇದೆ. ಟೈಪಿಸ್ಟನ ಬಳಿ ಹೋದ ದಿನವೂ ಇತ್ತು, ಬೆಂಚಿನ ಮೇಲೆ ಕುಳಿತು ಹೆಸರಿಟ್ಟ ದಿನವೂ ಇತ್ತು. ಅದನ್ನು ಓದಿಯೇ ನಾನು ಎರಡನ್ನೂ ಮಾಡಿದ್ದು. ಅದು ನನ್ನ ಬಳಿ ಇರುವುದು ಅವರಿಗೂ ಗೊತ್ತಿತ್ತು. ಮುಂಬೈಯಲ್ಲಿ ಅವರು ಒಂದು ಮಾತು ಹೇಳಿದ್ದರೆ ಅಧಿಕಾರಿಗಳು ಅದನ್ನು ತರಿಸುತ್ತಿದ್ದರು.

ಪೆನ್ಸಿಲಿನಲ್ಲಿ ದುಂಡಗೆ ಬರೆದಿದ್ದಾರೆ: ‘ಮುಖವಾಡ ೯೫. ಮೈ ೬೧, ಅಂಗಿ. ಮೂರು ಸಲ ತೊಳೆದಿದೆ. ಆಟಿಕೆ ಎಂದು ಬರೆಯಬಾರದು.’ ಕೆಳಗೆ ರುಜು. ರುಜುವಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡು ಓದುವುದು ನನಗೆ ರೂಢಿಯಾಗಿದೆ. ಅದರ ಕೆಳಗಿನ ಸಾಲು ಮಾತ್ರ ಹೆಬ್ಬೆರಳಿಗೆ ಮುಚ್ಚಲಾಗದಷ್ಟು ಉದ್ದವಿದೆ. ನಾನು ಪೇಟೆಗೆಲ್ಲ ಬಯಲು ಮಾಡಿದೆನೆಂದು ಮೆರೆದ ಗುಟ್ಟನ್ನು ಅವರು ಅಲ್ಲಿ ತಮ್ಮ ಕೈಯಾರೆ, ಯಾರೂ ಕೇಳದೆಯೇ, ಬರೆದುಕೊಟ್ಟಿದ್ದಾರೆ: ‘ನಿವೃತ್ತ ಸಿಪಾಯಿ, ಪೆಟ್ಟಿಗೆ ಒಡೆಯುವ ವಿಭಾಗ.’